ಕಾನೂನಿನ ಹೆಬ್ಬಾಗಿಲೂ ಗಡಿನಾಡಿನ ಪದವೀಧರನೂ

ರಾಯದುರ್ಗ, ಮಡಕಶಿರಾ ಸೀಮೆಗಳ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತು, ಬಡತನವನ್ನು ಹಲ್ಲು ಕಚ್ಚಿ ಸಹಿಸಿ, ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಪದವಿಗಳನ್ನು ಪಡೆದು ಬರುವ ನಮ್ಮ ತರುಣ ತರುಣಿಯರಿಗೆ "ಮುಂದೇನು?" ಎಂಬ ಪ್ರಶ್ನೆ ಎದುರಾಗುತ್ತದೆ. ಅದಕ್ಕೆ ಊರು ಕೊಡುವ ಉತ್ತರ ಬಹುಕಾಲದಿಂದಲೂ ಒಂದೇ: ಉಪಾಧ್ಯಾಯ ತರಬೇತಿ ಮುಗಿಸು, ಹುದ್ದೆಯ ಪ್ರಕಟಣೆ ಬರುವವರೆಗೆ ಕಾದಿರು. ಉಪಾಧ್ಯಾಯ ವೃತ್ತಿಯನ್ನು ನಾವು ಹಗುರವಾಗಿ ಕಾಣತಕ್ಕವರಲ್ಲ. ಅದೇ ನಮ್ಮ ಅನ್ನ, ಅದೇ ನಮ್ಮ ಅಭಿಮಾನ. ಆದರೆ ಒಂದು ಜನಾಂಗದ ವಿದ್ಯಾವಂತರೆಲ್ಲರೂ ಒಂದೇ ಓಣಿಯಲ್ಲಿ ನಡೆಯಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ. ಕಲಿಸುವವರು ನಮ್ಮಲ್ಲಿ ಇದ್ದಾರೆ. ನ್ಯಾಯಸ್ಥಾನದಲ್ಲಿ ನಿಂತು ನಮ್ಮವರ ಮಾತನ್ನು ನಮ್ಮವರ ನುಡಿಯಲ್ಲೇ ಅರಿತು ವಾದಿಸುವವರು ಎಷ್ಟು ಮಂದಿ ಇದ್ದಾರೆ? ಈ ಲೇಖನದ ಪ್ರಶ್ನೆ ಅದು.

ಬೇರಾವ ವಿಷಯದಲ್ಲಿ ಪದವಿ ಪಡೆದವರಿಗೂ ವಕೀಲರಾಗಲು ನಮ್ಮ ದೇಶದಲ್ಲಿ ಒಂದು ಹೆಬ್ಬಾಗಿಲು ಉಂಟು. ಅದೇ ಮೂರು ವರ್ಷದ ಕಾನೂನು ಪದವಿ, ಎಲ್‌ಎಲ್.ಬಿ. ಕನ್ನಡ ಸಾಹಿತ್ಯ ಓದಿದವನು, ಲೆಕ್ಕಪತ್ರ ಕಲಿತವಳು, ರಸಾಯನಶಾಸ್ತ್ರದಲ್ಲಿ ಪರಿಣತನಾದವನು, ಇವರೆಲ್ಲರೂ ಮೂರು ವರ್ಷಗಳ, ಅಂದರೆ ಆರು ಸೆಮಿಸ್ಟರುಗಳ ವ್ಯಾಸಂಗದಿಂದ ವಕೀಲಿಗೆ ಅರ್ಹರಾಗಬಹುದು. 1961ರ ವಕೀಲರ ಅಧಿನಿಯಮವು 1967ರ ಮಾರ್ಚ್ 12ರ ನಂತರ ಪದವಿ ಪಡೆಯುವವರಿಗೆ ಈ ಮೂರು ವರ್ಷದ ಓದನ್ನು ಗೊತ್ತುಮಾಡಿತು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳೂ ಅದನ್ನು ಉಳಿಸಿಕೊಂಡಿವೆ. ಪದವಿ ಯಾವ ವಿಷಯದ್ದಾದರೂ ಸರಿ. ಸಾಮಾನ್ಯ ವರ್ಗದವರಿಗೆ ನೂರಕ್ಕೆ 45, ಪರಿಶಿಷ್ಟ ಜಾತಿ ಪಂಗಡದವರಿಗೆ ನೂರಕ್ಕೆ 40 ಅಂಕಗಳಿದ್ದರೆ ಸಾಕು. ವೈದ್ಯ ವೃತ್ತಿಗೂ ಎಂಜಿನಿಯರಿಂಗಿಗೂ ಇಲ್ಲದ ಔದಾರ್ಯ ಇದು. ಹದಿನೇಳನೆಯ ವಯಸ್ಸಿನಲ್ಲಿ ವಿಜ್ಞಾನ ತೆಗೆದುಕೊಳ್ಳದವನಿಗೆ ವೈದ್ಯನಾಗುವ ದಾರಿ ಅಲ್ಲಿಗೇ ಮುಚ್ಚಿಹೋಗುತ್ತದೆ. ವಕೀಲನಾಗುವ ದಾರಿ ಇಪ್ಪತ್ತೊಂದರಲ್ಲಿಯೂ ಮೂವತ್ತರಲ್ಲಿಯೂ ತೆರೆದಿರುತ್ತದೆ.

ಆದರೆ ಈ ಹೆಬ್ಬಾಗಿಲಿನ ಮುಂದೆ ನಮ್ಮ ಮಕ್ಕಳು ನಿಂತಾಗ ಬಾಗಿಲ ಮೇಲಿನ ಬರಹ ಅವರ ನುಡಿಯಲ್ಲಿ ಇರುವುದಿಲ್ಲ. ಆಂಧ್ರಪ್ರದೇಶದಲ್ಲಿ ಈ ವ್ಯಾಸಂಗಕ್ಕೆ ಸೇರಲು 'ಲಾಸೆಟ್' ಎಂಬ ಪ್ರವೇಶ ಪರೀಕ್ಷೆ ಉಂಟು. 120 ಪ್ರಶ್ನೆಗಳು, 90 ನಿಮಿಷಗಳು. ಸಾಮಾನ್ಯ ಜ್ಞಾನ ಮತ್ತು ಬುದ್ಧಿಶಕ್ತಿಗೆ 30, ಪ್ರಚಲಿತ ವಿದ್ಯಮಾನಗಳಿಗೆ 30, ಕಾನೂನಿನ ಓದಿಗೆ ಬೇಕಾದ ಅಭಿರುಚಿಗೆ 60. ಪ್ರಶ್ನಪತ್ರಿಕೆ ಇಂಗ್ಲಿಷಿನಲ್ಲಿಯೂ ತೆಲುಗಿನಲ್ಲಿಯೂ ಇರುತ್ತದೆ, ಕನ್ನಡದಲ್ಲಿ ಇಲ್ಲ.

"ಇದರಲ್ಲಿ ಅನ್ಯಾಯವೇನು? ನಿಮ್ಮವರಿಗೆಲ್ಲ ತೆಲುಗು ಬರುತ್ತದಲ್ಲ!" ಎಂದು ಹೇಳುವವರು ಉಂಟು. ಈ ಮಾತು ಕೇಳಲು ಸರಳ, ವಿಚಾರಿಸಿದರೆ ಪೊಳ್ಳು. ಹೌದು, ನಮ್ಮವರಿಗೆ ತೆಲುಗು ಬರುತ್ತದೆ. ಸಂತೆಯಲ್ಲಿ ವ್ಯಾಪಾರ ಮಾಡುವಷ್ಟು ಬರುತ್ತದೆ, ಬಸ್ಸಿನಲ್ಲಿ ಜಗಳವಾಡುವಷ್ಟು ಬರುತ್ತದೆ, ನೆರೆಮನೆಯ ಮದುವೆಯಲ್ಲಿ ನಗುವಷ್ಟು ಬರುತ್ತದೆ. ತೆಲುಗು ನಮಗೆ ಪರಕೀಯವಲ್ಲ, ಸೋದರಿ ಭಾಷೆ. ಅದರ ಮೇಲೆ ನಮಗೆ ದ್ವೇಷವಿಲ್ಲ. ಆದರೆ ಮಾತನಾಡುವುದು ಬೇರೆ, ಗಡಿಯಾರವನ್ನು ಮುಂದಿಟ್ಟುಕೊಂಡು ಓದುವುದು ಬೇರೆ. 90 ನಿಮಿಷವನ್ನು 120ರಿಂದ ಭಾಗಿಸಿದರೆ ಒಂದು ಪ್ರಶ್ನೆಗೆ ದೊರೆಯುವುದು 45 ಸೆಕೆಂಡು. ಅಷ್ಟರಲ್ಲಿ ಪ್ರಶ್ನೆಯನ್ನು ಓದಬೇಕು, ನಾಲ್ಕು ಉತ್ತರಗಳನ್ನು ತೂಗಬೇಕು, ಒಂದನ್ನು ಆರಿಸಬೇಕು. ಹತ್ತು ವರ್ಷ ಕನ್ನಡದಲ್ಲಿ ಓದಿದ ಕಣ್ಣು ತೆಲುಗಿನ ಒತ್ತಕ್ಷರವನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಪಕ್ಕದವನು ಮುಂದಿನ ಪ್ರಶ್ನೆಗೆ ಹೋಗಿರುತ್ತಾನೆ. ಪರೀಕ್ಷೆ ಅಳೆಯಬೇಕಾದುದು ಬುದ್ಧಿಯನ್ನು. ಇಲ್ಲಿ ಅಳೆಯುವುದು ಲಿಪಿಯ ರೂಢಿಯನ್ನು.

"ಕನ್ನಡದಲ್ಲಿ ಪ್ರಶ್ನಪತ್ರಿಕೆ ತಯಾರಿಸುವುದು ಸರಕಾರಕ್ಕೆ ಕಷ್ಟ" ಎಂಬುದು ಎರಡನೆಯ ವಾದ. ಇದನ್ನು ಖಂಡಿಸಲು ನಾವು ಹೊರಗೆಲ್ಲಿಯೂ ಸಾಕ್ಷಿ ಹುಡುಕಬೇಕಾಗಿಲ್ಲ. ಆ ಸರಕಾರವೇ ಸಾಕ್ಷಿ. ಹತ್ತನೆಯ ತರಗತಿಯ ಸಾರ್ವಜನಿಕ ಪರೀಕ್ಷೆಗೆ ಕನ್ನಡ ಮಾಧ್ಯಮದ ಪ್ರಶ್ನಪತ್ರಿಕೆಯನ್ನು ಅದೇ ರಾಜ್ಯ ಅಚ್ಚು ಹಾಕಿಸುತ್ತದೆ. ಉಪಾಧ್ಯಾಯ ಅರ್ಹತಾ ಪರೀಕ್ಷೆಯಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಅದೇ ರಾಜ್ಯ ಒಪ್ಪಿಕೊಂಡಿದೆ. ನಮ್ಮ ಮಕ್ಕಳು ಉಪಾಧ್ಯಾಯರಾಗಬೇಕಾದಾಗ ರಾಜ್ಯಕ್ಕೆ ಕನ್ನಡ ಬರುತ್ತದೆ, ವಕೀಲರಾಗಬೇಕಾದಾಗ ಅದು ಕನ್ನಡವನ್ನು ಮರೆಯುತ್ತದೆ! ಈ ಮರೆವಿಗೆ ಮದ್ದು ಕೇಳುವುದು ತಪ್ಪೆ?

ಇನ್ನೊಂದು ವಿಚಿತ್ರವನ್ನು ನೋಡಿರಿ. ಕಾನೂನು ಪದವಿ ಪಡೆದವನು ವಕೀಲಿಯನ್ನು ನಡೆಸಲು ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಮುಗಿಸಬೇಕು. 2011ರಲ್ಲಿ ಮೊದಲ ಬಾರಿ ನಡೆದ ಈ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಎಂದರೆ, ಮನೆಯಿಂದ ಹೊರಡುವ ಬಾಗಿಲಲ್ಲಿ ಕನ್ನಡ ಸಲ್ಲುತ್ತದೆ, ಒಳಗೆ ಬರುವ ಬಾಗಿಲಲ್ಲಿ ಸಲ್ಲುವುದಿಲ್ಲ. ನಡುಮನೆಯಲ್ಲಿ ಏನು? ಅಲ್ಲಿಯೂ ನಿಯಮ ನಮ್ಮ ಹಗೆಯಲ್ಲ. ಕಾನೂನು ಶಿಕ್ಷಣದ ಮಾಧ್ಯಮ ಇಂಗ್ಲಿಷ್ ಎಂದು 2008ರ ನಿಯಮಗಳು ಹೇಳುವುದೇನೋ ನಿಜ. ಆದರೆ ಯಾವುದೇ ವಿಶ್ವವಿದ್ಯಾನಿಲಯವು ಪ್ರಾದೇಶಿಕ ಭಾಷೆಯಲ್ಲಿ ಪೂರ್ಣವಾಗಿಯೋ ಭಾಗಶಃವೋ ಪಾಠ ಹೇಳಲು, ಪರೀಕ್ಷೆ ಬರೆಯಿಸಲು ಒಪ್ಪಿದರೆ ಅದಕ್ಕೆ ಅಡ್ಡಿಯಿಲ್ಲ, ವಿದ್ಯಾರ್ಥಿಯು ಇಂಗ್ಲಿಷನ್ನು ಒಂದು ಕಡ್ಡಾಯ ಪತ್ರಿಕೆಯಾಗಿ ಓದಿದರೆ ಸಾಕು ಎಂದೂ ಅವೇ ನಿಯಮಗಳು ಹೇಳುತ್ತವೆ. ಹುಬ್ಬಳ್ಳಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳು ಕನ್ನಡದಲ್ಲಿ ಉತ್ತರ ಬರೆಯುತ್ತಿದ್ದಾರೆ. ಅಡ್ಡಿಯಿರುವುದು ನಿಯಮದಲ್ಲಿ ಅಲ್ಲ, ಮನಸ್ಸಿನಲ್ಲಿ.

"ಕಾನೂನಿನಂಥ ಗಹನ ವಿಷಯವನ್ನು ಕನ್ನಡ ಹೊರಲಾರದು" ಎಂದು ಮೂಗು ಮುರಿಯುವ ಪಂಡಿತರಿಗೆ ಒಂದು ಮಾತು. ಭಾರತದ ಬಹುಭಾಗದಲ್ಲಿ ಹಿಂದೂಗಳ ದಾಯಭಾಗದ ನಿರ್ಣಯಕ್ಕೆ ಶತಮಾನಗಳ ಕಾಲ ಆಧಾರವಾದ 'ಮಿತಾಕ್ಷರ'ವನ್ನು ವಿಜ್ಞಾನೇಶ್ವರನು ಬರೆದುದು ಕನ್ನಡ ನಾಡಿನ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. ಅದು ಸಂಸ್ಕೃತ ಗ್ರಂಥವೆನ್ನುವಿರೋ? ಹಾಗಾದರೆ ಮಡಕಶಿರಾ ಸೀಮೆಯ ಹೇಮಾವತಿಗೆ ಹೋಗಿಬನ್ನಿರಿ. ಹಿಂದೆ ಹೆಂಜೇರು ಎನಿಸಿಕೊಂಡು ನೊಳಂಬರ ರಾಜಧಾನಿಯಾಗಿದ್ದ ಆ ಊರಿನಲ್ಲಿ ಕನ್ನಡ ಶಾಸನಗಳಿವೆ. ಶಾಸನವೆಂದರೆ ಬೇರೇನು? ಯಾರಿಗೆ ಯಾವ ಭೂಮಿ, ಅದರ ಎಲ್ಲೆ ಯಾವುದು, ಅದನ್ನು ಕೆಡಿಸಿದವನಿಗೆ ಏನು ಗತಿ ಎಂಬುದನ್ನು ಕಲ್ಲಿನಲ್ಲಿ ನಿಲ್ಲಿಸಿದ ಹಕ್ಕುಪತ್ರವೇ ಅಲ್ಲವೆ? ಸಾವಿರ ವರ್ಷದ ಹಿಂದೆ ಭೂಮಿಯ ಹಕ್ಕನ್ನು ಹೊತ್ತ ಭಾಷೆಗೆ ಈಗ ಹೊರುವ ಶಕ್ತಿ ಹೋಯಿತೆ?

ಕಲ್ಲಿನ ಮಾತು ಬೇಡ. ನಮ್ಮ ಹಳ್ಳಿಗರ ಬಾಯಿಯ ಮಾತನ್ನೇ ಕೇಳಿರಿ. ವಾದಿ, ಪ್ರತಿವಾದಿ, ಸಾಕ್ಷಿ, ಜಾಮೀನು, ಜಪ್ತಿ, ಪಾಲು, ವಿಭಾಗಪತ್ರ, ಕ್ರಯಪತ್ರ, ದಾನಪತ್ರ, ಉಯಿಲು, ತಕರಾರು ಎಂಬ ಶಬ್ದಗಳನ್ನು ಅವರಿಗೆ ಯಾವ ಕಾಲೇಜು ಕಲಿಸಿತು? 2024ರ ಡಿಸೆಂಬರಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವೊಂದು ಕನ್ನಡದಲ್ಲಿಯೂ ತೀರ್ಪನ್ನಿತ್ತುದು ಎಲ್ಲರಿಗೂ ತಿಳಿದ ಸಂಗತಿ. ಉಚ್ಚ ನ್ಯಾಯಾಲಯದ ಪೀಠದಲ್ಲಿ ಕೂತವರಿಗೆ ಸಾಧ್ಯವಾದುದು ಪ್ರವೇಶ ಪರೀಕ್ಷೆಯ ಕಚೇರಿಗೆ ಅಸಾಧ್ಯವೆ?

ಇದು ಕೇವಲ ಅಭಿಮಾನದ ಪ್ರಶ್ನೆಯೆಂದು ಯಾರೂ ಭಾವಿಸದಿರಲಿ. ಹೊಲ ಮನೆ ಉಳಿಯುವ, ಕಳೆಯುವ ಪ್ರಶ್ನೆ ಇದು. ನಮ್ಮ ರೈತರು ಗುತ್ತಿಗೆ, ಕೋರು, ಭೋಗ್ಯ ಎಂದು ಮೂರು ಮಾತನ್ನಾಡುತ್ತಾರೆ. ಗೊತ್ತಾದ ಹಣಕ್ಕೋ ಧಾನ್ಯಕ್ಕೋ ಹೊಲ ಕೊಟ್ಟರೆ ಗುತ್ತಿಗೆ. ಬೆಳೆಯಲ್ಲಿ ಪಾಲಿಗೆ ಕೊಟ್ಟರೆ ಕೋರು. ಸಾಲ ತಂದು, ಬಡ್ಡಿಗೆ ಬದಲಾಗಿ ಹೊಲವನ್ನು ಅನುಭವಿಸಲು ಬಿಟ್ಟರೆ ಭೋಗ್ಯ. ಮೊದಲೆರಡರಲ್ಲಿ ಸಂಬಂಧ ಒಡೆಯನಿಗೂ ಸಾಗುವಳಿದಾರನಿಗೂ, ಮೂರನೆಯದು ಅಡಮಾನ. ಅಡಮಾನವಾದರೆ ಸಾಲ ತೀರಿಸಿ ಹೊಲವನ್ನು ಬಿಡಿಸಿಕೊಳ್ಳುವ ಹಕ್ಕನ್ನು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 60ನೆಯ ಪ್ರಕರಣ ಕೊಡುತ್ತದೆ. ಇನ್ನು ಊಹಿಸಿರಿ: ಮುದುಕನೊಬ್ಬನು ತನ್ನ ಕನ್ನಡದಲ್ಲಿ "ಭೋಗ್ಯಕ್ಕೆ ಬಿಟ್ಟಿದ್ದೆ" ಎಂದು ಹೇಳಿದಾಗ, ಆ ಮಾತಿನ ಭಾರವನ್ನರಿಯದವರು ಅದನ್ನು 'ಕೌಲು' ಎಂದು ಕಾಗದಕ್ಕಿಳಿಸಿದರೆ, ಒಂದು ಶಬ್ದದಲ್ಲಿ ಅವನ ಬಿಡಿಸಿಕೊಳ್ಳುವ ಹಕ್ಕೇ ಮಸುಕಾಗುತ್ತದೆ. ಮುದುಕನು ಸುಳ್ಳು ಹೇಳಲಿಲ್ಲ. ಬರೆದವರೂ ದ್ರೋಹ ಬಗೆಯಲಿಲ್ಲ. ನಡುವೆ ಎರಡೂ ನುಡಿಯನ್ನೂ ಕಾನೂನನ್ನೂ ಬಲ್ಲ ಒಬ್ಬ ವಕೀಲನಿರಲಿಲ್ಲ, ಅಷ್ಟೆ.

ಗಡಿಯ ಹಳ್ಳಿಗಳಲ್ಲಿ ಇನ್ನೂ ಒಂದು ತೊಡಕು. ರೊಳ್ಳ, ಅಗಳಿ, ಅಮರಾಪುರ, ಡಿ. ಹೀರೇಹಾಳು, ಬೊಮ್ಮನಹಾಳು ಮುಂತಾದ ಕಡೆಗಳಲ್ಲಿ ನೆಂಟಸ್ತಿಕೆಯೂ ಆಸ್ತಿಯೂ ಗಡಿಯ ಎರಡು ಕಡೆ ಹರಡಿರುತ್ತವೆ. ಆಚೆಯ ಹೊಲಕ್ಕೆ ಪಹಣಿ, ಈಚೆಯ ಹೊಲಕ್ಕೆ ಅಡಂಗಲ್ ಮತ್ತು ಪಟ್ಟಾದಾರ್ ಪಾಸ್‌ಬುಕ್ಕು. ಅಣ್ಣನ ಪಾಲು ಒಂದು ರಾಜ್ಯದಲ್ಲಿ, ತಂಗಿಯ ಪಾಲು ಇನ್ನೊಂದು ರಾಜ್ಯದಲ್ಲಿ. ಆಂಧ್ರದಲ್ಲಿ ಭೂಹಕ್ಕಿನ ಹೊಸ ಕಾಯಿದೆ 2023ರಲ್ಲಿ ಜಾರಿಗೆ ಬಂದಿತು, 2024ರಲ್ಲಿ ರದ್ದಾಯಿತು. ಬಂದಾಗ ಅದರಲ್ಲಿ ಏನಿತ್ತು, ಹೋದಾಗ ಏನು ಹೋಯಿತು ಎಂಬುದನ್ನು ನಮ್ಮ ಹಳ್ಳಿಗಳಲ್ಲಿ ಕನ್ನಡದಲ್ಲಿ ಕಟ್ಟೆಯ ಮೇಲೆ ಕೂತು ತಿಳಿಯ ಹೇಳುವ ಕಾನೂನು ಪದವೀಧರನೊಬ್ಬ ಊರೂರಿಗೆ ಇದ್ದಿದ್ದರೆ ಎಷ್ಟು ಭಯ ತಪ್ಪುತ್ತಿತ್ತು!

ಕಾನೂನು ನಮ್ಮ ಭಾಷೆಗೆ ರಕ್ಷಣೆ ಕೊಟ್ಟೇ ಇಲ್ಲವೆಂದಲ್ಲ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ತೆರೆದ ನ್ಯಾಯಾಲಯದಲ್ಲೇ ವಿವರಿಸಬೇಕೆಂದು ಹಳೆಯ ದಂಡಪ್ರಕ್ರಿಯಾ ಸಂಹಿತೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯೂ ಹೇಳುತ್ತದೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಕೊಡುತ್ತದೆ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂಬ 350-ಎ ಅನುಚ್ಛೇದವನ್ನು 1956ರ ಏಳನೆಯ ತಿದ್ದುಪಡಿ ಸೇರಿಸಿತು. ನಾವು ಉಪಾಧ್ಯಾಯರು ನಿಂತಿರುವುದೇ ಆ ನೆಲದ ಮೇಲೆ. ಆದರೆ ಹಕ್ಕು ಪುಸ್ತಕದಲ್ಲಿದ್ದರೆ ಸಾಲದು, ಅದನ್ನು ಕೇಳುವ ಬಾಯಿ ಬೇಕು. 2020ರ ಏಪ್ರಿಲಿನಲ್ಲಿ ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯವು ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನು ಕಡ್ಡಾಯಗೊಳಿಸಿದ ಆಜ್ಞೆಗಳನ್ನು ರದ್ದುಪಡಿಸಿತು. ಅದು ಮೆರವಣಿಗೆಯಿಂದ ಬಂದುದಲ್ಲ, ವಕೀಲರು ಹೂಡಿದ ವಾದದಿಂದ ಬಂದುದು. ನಾಳೆ ಕನ್ನಡ ಶಾಲೆಯೊಂದಕ್ಕೆ ಕುತ್ತು ಬಂದರೆ ವಾದ ಹೂಡಲು ನಾವು ಯಾರ ಮನೆಯ ಕದ ತಟ್ಟಬೇಕು?

ಹಾಗಾದರೆ ಗಡಿ ದಾಟಿ ಹೋಗಿ ಓದಲಿ ಎನ್ನುವಿರಾ? ಬಳ್ಳಾರಿ, ಚಿತ್ರದುರ್ಗ, ತುಮಕೂರುಗಳಲ್ಲಿ ಕಾನೂನು ಕಾಲೇಜುಗಳಿವೆ. ಅಲ್ಲಿ ಮೂರು ವರ್ಷದ ಪದವಿಗೆ ಲಾಸೆಟ್ಟಿನಂಥ ಪರೀಕ್ಷೆಯ ಕಾಟವಿಲ್ಲ, ಪದವಿಯ ಅಂಕಗಳೇ ಆಧಾರ. ಉತ್ತರವನ್ನು ಕನ್ನಡದಲ್ಲಿ ಬರೆಯಲೂಬಹುದು. ಅಲ್ಲಿ ಓದಿ ಕರ್ನಾಟಕದಲ್ಲಿ ನೋಂದಾಯಿಸಿಕೊಂಡವನು ರಾಯದುರ್ಗದ ಕೋರ್ಟಿನಲ್ಲಿ ನಿಲ್ಲಲೂ ತಡೆಯಿಲ್ಲ. ದೇಶದ ಯಾವುದೇ ನ್ಯಾಯಾಲಯದಲ್ಲಿ ವಾದಿಸುವ ಹಕ್ಕನ್ನು ಕೊಡುವ ವಕೀಲರ ಅಧಿನಿಯಮದ 30ನೆಯ ಪ್ರಕರಣ 2011ರ ಜೂನ್ 15ರಿಂದ ಜಾರಿಯಲ್ಲಿದೆ. ಶಕ್ತಿಯಿದ್ದವರು ಅವಶ್ಯ ಹೋಗಲಿ. ಆದರೆ ಎಲ್ಲರಿಗೂ ಈ ದಾರಿ ಸುಗಮವಲ್ಲ. ಒಂದು ರಾಜ್ಯದ ಪರಿಶಿಷ್ಟನು ಇನ್ನೊಂದು ರಾಜ್ಯಕ್ಕೆ ಹೋದರೆ ಅಲ್ಲಿನ ಮೀಸಲಾತಿಯನ್ನು ಕೇಳಲಾರನೆಂದು ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಆದ್ದರಿಂದ ನಮ್ಮ ದಲಿತ ವಿದ್ಯಾರ್ಥಿ ಕನ್ನಡಕ್ಕಾಗಿ ಗಡಿ ದಾಟಿದರೆ ಮೀಸಲಾತಿಯನ್ನು ಕಳೆದುಕೊಳ್ಳುತ್ತಾನೆ. ಮೀಸಲಾತಿಗಾಗಿ ಈಚೆ ಉಳಿದರೆ ಕನ್ನಡವನ್ನು ಕಳೆದುಕೊಳ್ಳುತ್ತಾನೆ. ಅತ್ತ ದರಿ, ಇತ್ತ ಪುಲಿ.

ತಾಯಿನಾಡಿನ ಸರಕಾರಕ್ಕೂ ಇಲ್ಲಿ ಒಂದು ಕಟುವಾದ ಮಾತನ್ನು ಹೇಳಲೇಬೇಕಾಗಿದೆ. ಕರ್ನಾಟಕದ ವೃತ್ತಿಶಿಕ್ಷಣದ ಸಾಮಾನ್ಯ ಪ್ರವೇಶ ನಿಯಮಗಳಲ್ಲಿ 'ಗಡಿನಾಡು' ಎಂಬ ಒಂದು ವರ್ಗ ಉಂಟು. ಅದರಲ್ಲಿ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜಗಳನ್ನೂ, ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರಗಳನ್ನೂ ಹೆಸರಿಸಿದ್ದಾರೆ. ಆ ಬಂಧುಗಳಿಗೆ ದೊರೆತುದಕ್ಕೆ ನಮಗೆ ಸಂತೋಷವೇ. ಆದರೆ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕೇ ಆಗಿದ್ದು, ಆಂಧ್ರ ರಾಜ್ಯದ ಉದಯದೊಡನೆ ಅನಂತಪುರ ಜಿಲ್ಲೆಗೆ ಸೇರಿಹೋದ ರಾಯದುರ್ಗ ಗಡಿನಾಡಲ್ಲವೆ? ಮೂರು ಕಡೆ ಕರ್ನಾಟಕದ ನೆರೆಯಲ್ಲಿದ್ದು, 2022ರ ಏಪ್ರಿಲ್ 4ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರಾ ಗಡಿನಾಡಲ್ಲವೆ? ಜಿಲ್ಲೆಯ ಹೆಸರು ಬದಲಾಯಿತು. ಮನೆಯ ಮಾತು ಬದಲಾಗಲಿಲ್ಲ. ರಾಜ್ಯೋತ್ಸವದ ದಿನ ಗಡಿನಾಡ ಕನ್ನಡಿಗರೆಂದು ಹಾರ ಹಾಕುವವರು ಪ್ರವೇಶದ ದಿನವೂ ಆ ಹೆಸರಿನಿಂದಲೇ ಕರೆಯಲಿ.

ನಮ್ಮೊಳಗಿನವರ ಆಕ್ಷೇಪಕ್ಕೂ ಉತ್ತರ ಹೇಳಿ ಮುಗಿಸೋಣ. "ಐದು ವರ್ಷದ ಓದೇ ಓದು, ಪದವಿಯಾದ ಮೇಲೆ ಮೂರು ವರ್ಷ ಓದಿದವರು ಎರಡನೆಯ ದರ್ಜೆಯವರು" ಎನ್ನುತ್ತಾರೆ ಕೆಲವರು. ಇಂಗ್ಲೆಂಡಿನಲ್ಲಿ ಬೇರೆ ವಿಷಯದ ಪದವೀಧರರು ಒಂದು ವರ್ಷದ ಪರಿವರ್ತನ ಶಿಕ್ಷಣ ಪಡೆದು ಕಾನೂನಿನ ವೃತ್ತಿಗೆ ಬರುವ ಪದ್ಧತಿ ಬಹುಕಾಲದಿಂದ ಇದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲ ಪದವಿಯ ನಂತರವೇ ಕಾನೂನಿನ ಓದು. ಐದು ವರ್ಷದ ಪದ್ಧತಿಗೆ ಹೆಸರಾದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೇ 2022ರಲ್ಲಿ ಪದವೀಧರರಿಗಾಗಿ ಮೂರು ವರ್ಷದ ತರಗತಿಯನ್ನು ಆರಂಭಿಸಿತು. ಇಂಥ ರಾಷ್ಟ್ರೀಯ ವಿದ್ಯಾಲಯಗಳಿಗೆ ಹದಿನೇಳರ ವಯಸ್ಸಿನಲ್ಲಿ ಬರೆಯುವ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಹಳ್ಳಿಯ ಕನ್ನಡ ಶಾಲೆಯ ಮಗುವಿಗೆ ಅದು ಬೆಟ್ಟದ ತುದಿ. ಪದವಿಯ ಮೂರು ವರ್ಷ ನಮ್ಮ ಮಕ್ಕಳಿಗೆ ಬುದ್ಧಿ ಬಲಿಯಲು, ಇಂಗ್ಲಿಷನ್ನೂ ಅಷ್ಟಿಷ್ಟು ಹಿಡಿತಕ್ಕೆ ತರಲು ದೊರೆಯುವ ಕಾಲ. ಆಲೂರ ವೆಂಕಟರಾಯರೂ ಬಿ.ಎ. ಮುಗಿಸಿ ತರುವಾಯ ಕಾನೂನು ಓದಿದವರೇ ಅಲ್ಲವೆ? ಈ ಜಿಲ್ಲೆಯ ತಾಡಿಪತ್ರಿಯಲ್ಲಿ ಹುಟ್ಟಿದ ಬಳ್ಳಾರಿ ರಾಘವರು ವಕೀಲಿಯನ್ನೂ ನಡೆಸಿ, ಕನ್ನಡ ತೆಲುಗುಗಳೆರಡರ ರಂಗಭೂಮಿಯನ್ನೂ ಬೆಳಗಿದರು. ಎರಡು ನುಡಿಗಳ ಗಡಿಯಲ್ಲಿ ನಿಂತವನು ಕೊರತೆಯವನಲ್ಲ, ಹೆಚ್ಚುಳ್ಳವನು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

"ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ, ಅಂಥ ವೃತ್ತಿ ನಮ್ಮ ಮಕ್ಕಳಿಗೇಕೆ?" ಎಂದು ಹಿರಿಯರು ಕೇಳುತ್ತಾರೆ. ಆ ಗಾದೆ ಹುಟ್ಟಿದ್ದೇ ಕೋರ್ಟಿನ ಮಾತು ತಿಳಿಯದ ಜನರ ಸಂಕಟದಿಂದ. ತಿಳಿದವನು ಹತ್ತಿರವಿದ್ದರೆ ಅರ್ಧ ವ್ಯಾಜ್ಯ ಕಟ್ಟೆಯ ಮೇಲೆಯೇ ಮುಗಿಯುತ್ತದೆ. ಪರಿಶಿಷ್ಟರಿಗೆ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಅಧಿನಿಯಮ ಹೇಳುವುದನ್ನು ಅವರಿಗೆ ತಿಳಿಸುವವನೇ ಇಲ್ಲದಿದ್ದರೆ ಆ ನೆರವು ಯಾರಿಗೆ? ವಕೀಲರಾಗಲು ಹಣದ ಅಡ್ಡಿಯೂ ತುಸು ಇಳಿದಿದೆ. ನೋಂದಣಿಗೆ ಸಾಮಾನ್ಯರಿಂದ 750 ರೂಪಾಯಿಗಿಂತ, ಪರಿಶಿಷ್ಟರಿಂದ 125 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಕೂಡದೆಂದು ಸರ್ವೋಚ್ಚ ನ್ಯಾಯಾಲಯ 2024ರ ಜುಲೈ 30ರಂದು ತೀರ್ಪಿತ್ತಿದೆ.

ಆದುದರಿಂದ ನಾವು ಕೇಳುವುದು ಇಷ್ಟು. ಮೊದಲನೆಯದು, ಲಾಸೆಟ್ ಪ್ರಶ್ನಪತ್ರಿಕೆ ಇಂಗ್ಲಿಷ್ ತೆಲುಗುಗಳ ಜೊತೆಗೆ ಕನ್ನಡದಲ್ಲಿಯೂ ಇರಲಿ. ಎರಡನೆಯದು, ಅನಂತಪುರದ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾನಿಲಯವು, ಕನ್ನಡ ರಾಜ್ಯ ರಮಾರಮಣನೆನಿಸಿದ ಅರಸನ ಹೆಸರನ್ನು ಹೊತ್ತುದಕ್ಕಾದರೂ, ಕಾನೂನು ಪರೀಕ್ಷೆಗಳಲ್ಲಿ ಕನ್ನಡದ ಉತ್ತರವನ್ನು ಒಪ್ಪಲಿ. ಮೂರನೆಯದು, ಕರ್ನಾಟಕ ಸರಕಾರವು ರಾಯದುರ್ಗ, ಮಡಕಶಿರಾಗಳನ್ನು ಗಡಿನಾಡೆಂದು ಹೆಸರಿಸಿ, ಇಲ್ಲಿನ ಕನ್ನಡ ಮಾಧ್ಯಮದ ಪದವೀಧರರಿಗೆ ತನ್ನ ಕಾನೂನು ಕಾಲೇಜುಗಳಲ್ಲಿ ಸ್ಥಾನಗಳನ್ನೂ ವಿದ್ಯಾರ್ಥಿವೇತನವನ್ನೂ ಗೊತ್ತುಮಾಡಲಿ. ಇವುಗಳಲ್ಲಿ ಯಾವುದಕ್ಕೂ ಸಂವಿಧಾನದ ತಿದ್ದುಪಡಿ ಬೇಡ. ಒಂದೊಂದು ಆಜ್ಞೆ ಸಾಕು.

ಸರಕಾರಗಳು ಕಣ್ಣು ತೆರೆಯುವವರೆಗೆ ಉಪಾಧ್ಯಾಯ ಬಂಧುಗಳು ಕೈಕಟ್ಟಿ ಕೂರಬೇಕಾಗಿಲ್ಲ. ಶಾಲೆ ಬಿಟ್ಟು ಹೋದ ಶಿಷ್ಯರಲ್ಲಿ ಪದವಿ ಮುಗಿಸಿದವರಾರೆಂಬುದನ್ನು ವಿಚಾರಿಸಿ, ಈ ಮೂರು ವರ್ಷದ ದಾರಿ ಇದೆಯೆಂದು ಅವರ ಮನೆಯವರಿಗೆ ತಿಳಿಸಬಹುದು. ಹಳೆಯ ಪ್ರಶ್ನಪತ್ರಿಕೆಗಳನ್ನು ಕನ್ನಡಕ್ಕೆ ತಿರುಗಿಸಿ ಸಂಘದ ವಾಚನಾಲಯದಲ್ಲಿ ಇಡಬಹುದು. ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರಿಗೆ ತರಗತಿಯಲ್ಲಿ "ಇದು ಸರಿಯಲ್ಲ, ಏಕೆಂದರೆ…" ಎಂದು ಎದ್ದುನಿಂತು ಹೇಳುವ ಚಟವಿದೆಯೋ, ಅವರು ಆ ಚಟವನ್ನು ಬಿಡಬೇಡಿರಿ. ಅದು ಉದ್ಧಟತನವಲ್ಲ, ವಕೀಲಿಯ ಮೊಳಕೆ. ಕನ್ನಡದಲ್ಲಿ ಕಲಿತುದು ನಿಮಗೆ ಕೊರತೆಯೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಬಾಗಿಲು ನಮ್ಮ ನುಡಿಯಲ್ಲಿ ತೆರೆಯುವಂತೆ ಮಾಡುವ ಹೊಣೆ ಹಿರಿಯರದು. ತೆರೆದ ದಿನ ಒಳಗೆ ಹೋಗಲು ಸಿದ್ಧರಾಗಿರುವ ಹೊಣೆ ನಿಮ್ಮದು.